ಹಳೇ ಬಾಕಿ ಬಂದಿಲ್ಲ, ಹೊಸ ಕೆಲಸ ಕೊಡ್ತಿದ್ದಾರೆ: ಮಾಡೋದಾ, ಬಿಡೋದಾ?

ಎಂಬತ್ತು ಪೈಸೆ:
ಬೆಂಗಳೂರಿನ ಒಂದು ಅನುವಾದ ಏಜೆನ್ಸಿಗೆ ಇಂಗ್ಲಿಷ್‌ನಿಂದ ಕನ್ನಡಕ್ಕೆ ಮಾಡಿಕೊಡುತ್ತೇನೆ. ಸಾಲದ ಆಪ್‌ಗಳ ಮೆಸೇಜು, ವಿಮೆ ಪತ್ರ, ವಿಡಿಯೋ ಸ್ಕ್ರಿಪ್ಟು, ಇಂಥವು. ಪದಕ್ಕೆ 80 ಪೈಸೆ. ಜೂನ್‌ನಿಂದ ಕಳಿಸಿದ ಮೂರು ಬಿಲ್ಲಿನ ದುಡ್ಡು ಬಂದಿಲ್ಲ, ಒಟ್ಟು 62,000 ರೂಪಾಯಿ. ಕೇಳಿದರೆ "ಎಂಡ್ ಕ್ಲೈಂಟ್ ಇನ್ನೂ ಕೊಟ್ಟಿಲ್ಲ" ಅನ್ನುತ್ತಾರೆ, ಅಂದರೆ ಏಜೆನ್ಸಿಗೆ ಕೆಲಸ ಕೊಟ್ಟ ದೊಡ್ಡ ಕಂಪನಿ. ನಿನ್ನೆ ಪ್ರಾಜೆಕ್ಟ್ ಮ್ಯಾನೇಜರ್ ಫೋನ್ ಮಾಡಿ, 40,000 ಪದಗಳ ಕೆಲಸ ಬಂದಿದೆ, ಇದು ಮುಗಿಸಿಕೊಡಿ, ಹಳೇದೂ ಸೇರಿಸಿ ಒಟ್ಟಿಗೆ ಹಾಕಿಸ್ತೀನಿ ಅಂದರು. ಆ ಹುಡುಗಿ ಒಳ್ಳೆಯವಳೇ, ಅವಳನ್ನು ಬೈದು ಪ್ರಯೋಜನ ಇಲ್ಲ. ಸದ್ಯಕ್ಕೆ ನನ್ನ ಕೈಯಲ್ಲಿ ಬೇರೆ ಕೆಲಸವೂ ಇಲ್ಲ. ಏನು ಮಾಡಲಿ?

ಕರಾವಳಿ ಕಾಗೆ:
ಬೇಡ ಮಾರಾಯ್ರೆ. ಈಗ 62,000 ಬಾಕಿ, ಇದನ್ನೂ ಮಾಡಿಕೊಟ್ಟರೆ 94,000. ಕೊಟ್ಟ ಫೈಲಿಗೆ ಯಾರೂ ಹೆದರುವುದಿಲ್ಲ, ಕೊಡದ ಫೈಲಿಗೆ ಮಾತ್ರ ಹೆದರುತ್ತಾರೆ. ಹಳೇದು ಬರಲಿ, ಹೊಸದು ಆಮೇಲೆ ಅಂತ ಹೇಳಿ.

ಹುಬ್ಬಳ್ಳಿ ಹಾದಿ:
ಅಲ್ರೀ, ಹೇಳೋದು ಸುಲಭ. ಇವರು ಬಿಟ್ಟರೆ ಏಜೆನ್ಸಿಯವರು ಅದೇ ಫೈಲನ್ನು ಮಷೀನ್‌ಗೆ ಹಾಕಿ, ಪದಕ್ಕೆ 25-30 ಪೈಸೆಗೆ ತಿದ್ದುವವರನ್ನು ಹುಡುಕುತ್ತಾರೆ, ಸಿಕ್ಕೂ ಸಿಗುತ್ತಾರೆ. ಈ ಲೈನಿನಲ್ಲಿ ಎಲ್ಲರೂ ತಡ ಮಾಡೋರೇ. ತಡವಾಗಿ ಕೊಡೋರು ಬೇರೆ, ಕೊಡದೇ ಇರೋರು ಬೇರೆ. ಈ ಏಜೆನ್ಸಿಯವರು ಹಿಂದೆ ಸರಿಯಾಗಿ ಕೊಟ್ಟಿದ್ದಾರಾ ಅನ್ನೋದನ್ನು ನೋಡಿ.

ಎಂಬತ್ತು ಪೈಸೆ:
ಹೋದ ವರ್ಷ 60 ದಿನ, 70 ದಿನ ಅಂತ ಎಳೆದರೂ ಕೊಟ್ಟರು. ಈ ಸಲವೇ ಹೀಗೆ. ಒಪ್ಪಂದದಲ್ಲಿ 90 ದಿನ ಅಂತ ಇದೆ, ಅದೂ ದಾಟಿತು.

ಜಮಾ ಖರ್ಚು:
90 ದಿನ ಅಂತ ಬರೆದಿದ್ದರೂ ನಡೆಯೋದಿಲ್ಲ, ನಿಮ್ಮ ಹತ್ತಿರ ಉದ್ಯಮ್ ನೋಂದಣಿ (ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಮಾಡಿಸುವ ನೋಂದಣಿ) ಇದ್ದರೆ. 2006ರ ಎಂಎಸ್‌ಎಂಇ (ಸಣ್ಣ ಉದ್ಯಮಗಳ) ಕಾಯ್ದೆ ಪ್ರಕಾರ ಸಣ್ಣವರಿಗೆ ಕೊಡಬೇಕಾದ ದುಡ್ಡನ್ನು ಹೆಚ್ಚೆಂದರೆ 45 ದಿನದೊಳಗೆ ಕೊಡಬೇಕು, ಒಪ್ಪಂದವೇ ಇಲ್ಲದಿದ್ದರೆ 15 ದಿನ. ದಾಟಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ಅನುವಾದವೂ ಸೇವೆಯೇ, ಹಾಗಾಗಿ ಮನೆಯಲ್ಲಿ ಕೂತು ಒಬ್ಬರೇ ಮಾಡುವವರೂ ನೋಂದಾಯಿಸಬಹುದು. ಆಧಾರ್, ಪ್ಯಾನ್ ಸಾಕು, ಒಂದು ರೂಪಾಯಿ ಶುಲ್ಕ ಇಲ್ಲ (ದುಡ್ಡು ಕೇಳುವ ವೆಬ್‌ಸೈಟುಗಳು ಏಜೆಂಟರದ್ದು, ಹುಷಾರು). ಆಮೇಲೆ ಸರ್ಕಾರದ ಎಂಎಸ್‌ಎಂಇ ಪೋರ್ಟಲ್‌ನಲ್ಲಿ ದೂರು ಕೊಟ್ಟರೆ, ಇಂಥ ಬಾಕಿ ವಿಚಾರಿಸುವ ರಾಜ್ಯದ ಕೌನ್ಸಿಲ್‌ಗೆ ಹೋಗುತ್ತದೆ.

ಒಂದು ತೊಡಕು ಇದೆ. ಕೆಲಸಕ್ಕೆ ಮೊದಲೇ ನೋಂದಣಿ ಇರಬೇಕು ಅಂತ ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿತ್ತು. ಈಗ ಮಾಡಿಸಿದರೆ ಹಳೇ ಬಿಲ್ಲುಗಳಿಗೆ ಅವರು ತಕರಾರು ತೆಗೆಯಬಹುದು. ಮುಂದಿನ ಕೆಲಸಕ್ಕಂತೂ ಬೇಕೇ ಬೇಕು.

ಸಣ್ಣ ಏಜೆನ್ಸಿ:
ನಾನು ಆ ಕಡೆಯವನು, ಬೈಯೋದಿದ್ದರೆ ಬೈಯಿರಿ. ದೊಡ್ಡ ಕಂಪನಿಗಳು ನಮ್ಮನ್ನೂ ತಿಂಗಳುಗಟ್ಟಲೆ ಕಾಯಿಸುತ್ತವೆ. ಪಿಓ (ಆರ್ಡರ್) ನಂಬರ್ ತಪ್ಪು, ವೆಂಡರ್ ಕೋಡ್ ಆಗಿಲ್ಲ, ಬಿಲ್ ಮತ್ತೆ ಹಾಕಿ, ಇದೇ ಕಥೆ. ನನ್ನ ಜೇಬಿನಿಂದ ಹತ್ತು ಜನರಿಗೆ ಕೊಡೋ ಶಕ್ತಿ ನನಗಿಲ್ಲ. ಮೋಸ ಮಾಡೋ ಉದ್ದೇಶದಿಂದ ಯಾರೂ ತಡ ಮಾಡೋದಿಲ್ಲ.

ಕರಾವಳಿ ಕಾಗೆ:
ಸರ್, ನಿಮ್ಮ ಕಷ್ಟ ನಿಜವೇ ಇರಬಹುದು. ಆದರೆ ಆ ದೊಡ್ಡ ಕಂಪನಿ ಜೊತೆ ಮಾತಾಡಿ ರೇಟು ಕುದುರಿಸಿದ್ದು ನೀವು, ನಡುವಿನ ಲಾಭ ಇಟ್ಟುಕೊಳ್ಳುವುದೂ ನೀವು, ನಷ್ಟ ಬಂದಾಗ ಮಾತ್ರ ಪದಕ್ಕೆ 80 ಪೈಸೆಯವರು ಪಾಲುದಾರರು ಆಗಬೇಕಾ? ಅವರು ನಿಮಗೆ ಬಡ್ಡಿಯಿಲ್ಲದ ಸಾಲ ಕೊಟ್ಟ ಹಾಗಾಯಿತು, ಅದೂ ಕೇಳದೆ.

ಸಣ್ಣ ಏಜೆನ್ಸಿ:
ಈ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ ಅಂತಲ್ಲ, ಆದರೆ ಇಲ್ಲಿ ಬರೆದರೆ ಜಗಳ ಆಗುತ್ತೆ. ನಾನಾಗಿದ್ದರೆ ಅರ್ಧ ಹಳೇ ಬಾಕಿ ಈಗಲೇ ಹಾಕಿ ಹೊಸ ಕೆಲಸ ಕೇಳುತ್ತಿದ್ದೆ. ಅಷ್ಟೂ ಆಗದವರು 40,000 ಪದ ತಗೋಬಾರದು.

ಕಥೆ ಬರೆಯೋಳು:
ಈ ಕೊನೇ ಸಾಲು ಮುಖ್ಯ. ನಾನು ಸಣ್ಣ ಪತ್ರಿಕೆಗಳಿಗೆ ಪುಕ್ಕಟೆ ಬರೆಯುತ್ತೇನೆ, ಸಂಭಾವನೆ ಇಲ್ಲ ಅಂತ ಮೊದಲೇ ಹೇಳಿರುತ್ತಾರೆ, ಒಪ್ಪಿಯೇ ಬರೆದಿರುತ್ತೇನೆ, ಬೇಜಾರಿಲ್ಲ. ಆದರೆ ಸಾಲ ವಸೂಲಿ ಮೆಸೇಜನ್ನು ಕನ್ನಡಕ್ಕೆ ಮಾಡಿಸಿಕೊಂಡು ಮಾಡಿದವರಿಗೇ ಸಾಲ ಉಳಿಸಿಕೊಳ್ಳೋದು, ಇದಕ್ಕೆ ಏನನ್ನೋಣ!

ಎಂಬತ್ತು ಪೈಸೆ ಮೇಡಂ, ಹಕ್ಕು ಬಿಟ್ಟುಕೊಟ್ಟ ಪತ್ರಕ್ಕೆ ಸಹಿ ಹಾಕಿದ್ದೀರಾ? 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಅನುವಾದದ ಹಕ್ಕು ಮೊದಲು ಅನುವಾದಕರದ್ದೇ, ನೌಕರಿಯಲ್ಲಿ ಇದ್ದು ಮಾಡಿದ್ದರೆ ಬೇರೆ ಮಾತು. ಬರಹದಲ್ಲಿ ಸಹಿ ಮಾಡಿ ಕೊಟ್ಟಿರದಿದ್ದರೆ, ದುಡ್ಡು ಕೊಡದೆ ಬಳಸುತ್ತಿದ್ದಾರೆ ಅಂತ ಆ ದೊಡ್ಡ ಕಂಪನಿಗೇ ಪತ್ರ ಹಾಕಬಹುದು.

ಸಣ್ಣ ಏಜೆನ್ಸಿ:
ದಯವಿಟ್ಟು ಇದನ್ನು ಮೊದಲ ಹೆಜ್ಜೆ ಮಾಡಬೇಡಿ. ಎಲ್ಲ ಒಪ್ಪಂದದಲ್ಲೂ ಕ್ಲೈಂಟನ್ನು ನೇರ ಸಂಪರ್ಕಿಸಬಾರದು ಅಂತ ಒಂದು ಸಾಲು ಇದ್ದೇ ಇರುತ್ತದೆ, ಅದನ್ನೇ ನೆಪ ಮಾಡಿಕೊಂಡು 62,000ವನ್ನೂ ತಡೆಹಿಡಿಯುತ್ತಾರೆ.

ಎಂಬತ್ತು ಪೈಸೆ:
ನೋಡಿದೆ. ಆ ಸಾಲೂ ಇದೆ, ಹಕ್ಕು ಕೊಟ್ಟ ಸಹಿಯೂ ಇದೆ. ಹಾಗಾಗಿ ಆ ದಾರಿ ಮುಚ್ಚಿತು.

ಹುಬ್ಬಳ್ಳಿ ಹಾದಿ:
ಹಂಗಾದರೆ ಸಣ್ಣ ಏಜೆನ್ಸಿಯವರು ಹೇಳಿದ್ದನ್ನೇ ಕೇಳಿ ನೋಡಿ. ಪೂರ್ತಿ ಬೇಡ ಅನ್ನಬೇಡಿ. ಹಳೇ ಎರಡು ಬಿಲ್ ಬಂದ ಮೇಲೆ 10,000 ಪದ, ಅದಕ್ಕೆ ದುಡ್ಡು ಬಂದ ಮೇಲೆ ಮುಂದಿನ 10,000. ಒಪ್ಪಿದರೆ ಕೆಲಸ ಉಳಿಯಿತು. ಒಪ್ಪದಿದ್ದರೆ ಅವರ ಹತ್ತಿರ ದುಡ್ಡಿಲ್ಲ ಅಂತ ಖಾತ್ರಿ ಆಯಿತು, ಅಲ್ವಾ?

ಕರಾವಳಿ ಕಾಗೆ:
ಮೂರೂ ಬಿಲ್ ಬರಲಿ ಅಂತ ನಾನು ಈಗಲೂ ಹೇಳುವುದು. ಆದರೆ ಇದು ಏನೂ ಕೇಳದೆ ಕೂರುವುದಕ್ಕಿಂತ ವಾಸಿ. ಫೋನಿನಲ್ಲಿ ಬೇಡ, ಮೇಲ್‌ನಲ್ಲೇ ಕೇಳಿ, ಅಕೌಂಟ್ಸ್‌ನವರನ್ನೂ ಸೇರಿಸಿ.

ಎಂಬತ್ತು ಪೈಸೆ:
ಹಾಗೇ ಬರೆದು ಕಳಿಸಿದೆ. ಅರ್ಧ ಗಂಟೆಯಲ್ಲಿ ಫೋನ್ ಬಂತು, ಎತ್ತಲಿಲ್ಲ, ಮೇಲ್‌ನಲ್ಲೇ ಹೇಳಿ ಅಂತ ಮೆಸೇಜ್ ಹಾಕಿದೆ. ಈಗ "ಮ್ಯಾನೇಜ್‌ಮೆಂಟ್ ಜೊತೆ ಮಾತಾಡ್ತೀವಿ" ಅಂದಿದ್ದಾರೆ.

ಜಮಾ ಖರ್ಚು:
ಅಷ್ಟರಲ್ಲಿ ಆದಾಯ ತೆರಿಗೆ ಸೈಟಿಗೆ ಹೋಗಿ ನಿಮ್ಮ 26ಎಎಸ್ (ನಿಮ್ಮ ಹೆಸರಲ್ಲಿ ಕಟ್ಟಿದ ತೆರಿಗೆಯ ಪಟ್ಟಿ) ತೆಗೆದು ನೋಡಿ. ವರ್ಷಕ್ಕೆ 50,000 ದಾಟಿದರೆ ಅವರು ಟಿಡಿಎಸ್ (ಬಿಲ್ಲಿನಲ್ಲೇ ಮುರಿದುಕೊಂಡು ಕಟ್ಟುವ ತೆರಿಗೆ) ಹಿಡಿಯಬೇಕು, ಬಿಲ್ಲನ್ನು ಲೆಕ್ಕಕ್ಕೆ ತಗೊಂಡಾಗಲೇ ಹಿಡಿಯಬೇಕು, ದುಡ್ಡು ಕೊಡುವ ತನಕ ಕಾಯುವಂತಿಲ್ಲ. ನಿಮ್ಮ ಹೆಸರಲ್ಲಿ ಅವರ ಟಿಡಿಎಸ್ ಕಂಡರೆ ಬಿಲ್ ಒಪ್ಪಿದ್ದಾರೆ ಅನ್ನೋದಕ್ಕೆ ಒಳ್ಳೇ ಪುರಾವೆ ಸಿಕ್ಕಿತು. ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಕೋರ್ಟಿಗೆ ಹೋಗೋದಾದರೆ ಮೂರು ವರ್ಷ ಸಮಯ ಇದೆ, ಆದರೆ ವಕೀಲರ ನೋಟಿಸನ್ನು ಅಷ್ಟು ದಿನ ಇಟ್ಟುಕೊಳ್ಳಬೇಡಿ, ಈ ಮೇಲ್‌ಗೆ ಹದಿನೈದು ದಿನದಲ್ಲಿ ಉತ್ತರ ಬರದಿದ್ದರೆ ಕಳಿಸಿ.