ಲೀಡರ್‌ಶಿಪ್ ಪೇಪರ್ ತಗೊಳ್ಳೋದಾ ಬೇಡ್ವಾ? ಮುಗಿಸಿರೋರು ಹೇಳಿ

ಹಿಂದಿನ_ಬೆಂಚು:
ಎಲ್ರಿಗೂ ನಮಸ್ಕಾರ. ನಾನು ಬಿಕಾಂ ಎರಡನೇ ವರ್ಷ. ಮುಂದಿನ ಸೆಮ್‌ಗೆ ಒಂದು 2 ಕ್ರೆಡಿಟ್ ಪೇಪರ್ ಆರಿಸ್ಕೋಬೇಕು, ಲೀಡರ್‌ಶಿಪ್ ಒಂದಿದೆ, ಎಕ್ಸೆಲ್ ಒಂದಿದೆ. ಸೀನಿಯರ್ಸ್‌ನ ಕೇಳಿದ್ರೆ ಒಬ್ರು ಓದೋದೇ ಬೇಡ ಮಗಾ ಪಿಪಿಟಿ ಮಾಡಿದ್ರೆ ಮಾರ್ಕ್ಸ್ ಬೀಳತ್ತೆ ಅಂತಾರೆ, ಇನ್ನೊಬ್ರು ಬರೀ ಟೈಂ ವೇಸ್ಟ್ ಅಂತಾರೆ. ನಾನು ಕ್ಲಾಸಲ್ಲಿ ಬಾಯ್ಬಿಡೋನೇ ಅಲ್ಲ, ನನ್ನಂಥೋರಿಗೆ ಇದ್ರಿಂದ ಏನಾದ್ರೂ ಆಗತ್ತಾ?

ಕಾಫಿ_ಬೈಟು:
ಎಕ್ಸೆಲ್ ತಗೋ ಗುರು. ನಾವು ಲೀಡರ್‌ಶಿಪ್ ತಗೊಂಡ್ವಿ, 30 ಗಂಟೆ ಕ್ಲಾಸಲ್ಲಿ ಅರ್ಧಕ್ಕರ್ಧ ಪ್ರೆಸೆಂಟೇಷನ್, ಒಂದಿನ ಸ್ಟ್ರಾ, ಟೇಪು ಕೊಟ್ಟು ಟವರ್ ಕಟ್ಸಿದ್ರು. ಚೆನ್ನಾಗಿ ಇಂಗ್ಲಿಷ್ ಮಾತಾಡೋರು ಮೂರ್ ಜನ ಇದ್ರು, ಪ್ರತಿ ಸಲ ಅವ್ರೇ ಲೀಡರ್, ನಾವು ಸ್ಟ್ರಾ ಹಿಡ್ಕೊಂಡು ನಿಂತಿದ್ವಿ ಅಷ್ಟೇ.

ಧಾರವಾಡ_ಫೇಡಾ:
ತಮ್ಮಾ, ಲೀಡರ್‌ಶಿಪ್ ಕಲೀಬೇಕಂದ್ರ ಎನ್ಎಸ್ಎಸ್ ಕ್ಯಾಂಪಿಗೆ ಹೋಗು. ನಮ್ಮ ಏಳು ದಿನದ ಕ್ಯಾಂಪಿನ್ಯಾಗ ನಾಕನೇ ದಿನ ಅಕ್ಕಿ ಖಾಲಿ ಆತು, 50 ಮಂದಿ ಹಸ್ಗೊಂಡು ಕುಂತಿದ್ರು, ಕ್ಯಾಂಪ್ ಲೀಡರ್ ಅಂತ ಬ್ಯಾಡ್ಜ್ ಹಾಕ್ಕೊಂಡಾಂವ ಫೋನ್ ಹಿಡಕೊಂಡು ನೆಟ್‌ವರ್ಕ್ ಹುಡಕ್ಕೋತ ಅಡ್ಡಾಡಾಕತ್ತಿದ್ದ. ಆವತ್ತಿನ ತನಕ ಒಂದ್ ಮಾತೂ ಆಡದ ಒಬ್ಬಾಕಿ ಹುಡುಗಿ ಸೀದಾ ಬಿಸಿಯೂಟದ ಅಕ್ಕಾರ ಮನಿಗೆ ಹೋಗಿ, ನಾಳೆ ತಂದುಕೊಡ್ತೀವಿ ಅಂತ ಹೇಳಿ, ಅವರ ಮನ್ಯಾಗಿನ ಜ್ವಾಳದ ಹಿಟ್ಟು ತಂದ್ಲು. ಆಮ್ಯಾಲೆ ರೊಟ್ಟಿ ಬಡಿಯಾಕ ಓಣಿ ಹೆಣ್ಮಕ್ಕಳೂ ಬಂದ್ರು. ಸರ್ಟಿಫಿಕೇಟ್ ಮಾತ್ರ ಆ ಬ್ಯಾಡ್ಜಿನ ಹುಡುಗಗ ಬಂತು, ಇರ್ಲಿ ಬಿಡು.

ಅತಿಥಿ_ಮೇಷ್ಟ್ರು:
ನಾನು ಈ ಪೇಪರ್ ಪಾಠ ಮಾಡೋನು, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ ಬೇಜಾರಾಗಬೇಡಿ. ಯೂನಿವರ್ಸಿಟಿಗಳನ್ನ ನೋಡ್ಕೊಳ್ಳೋ ಯುಜಿಸಿ 2019ರಲ್ಲಿ ಜೀವನ ಕೌಶಲ ಅಂತ 8 ಕ್ರೆಡಿಟ್ ಸಿಲಬಸ್ ತಂತಲ್ಲ, ಅದರಲ್ಲಿ 2 ಕ್ರೆಡಿಟ್ ಇದೇ ಲೀಡರ್‌ಶಿಪ್ಪು. ಸಿಲಬಸ್ ಕೆಟ್ಟದಲ್ಲ, ನಾವು ಅದನ್ನ ನೋಟ್ಸ್ ಹೇಳಿ ಬರೆಸ್ತೀವಿ ಅದು ತಪ್ಪು. 1939ರ ಕರ್ಟ್ ಲೆವಿನ್ ಅನ್ನೋ ಮನಶ್ಶಾಸ್ತ್ರಜ್ಞರ ಪ್ರಯೋಗ ಇದೆ, ಹುಡುಗರ ಗುಂಪುಗಳಿಗೆ ಬೇರೆ ಬೇರೆ ಥರದ ಲೀಡರ್ ಕೊಟ್ಟು ನೋಡಿದ್ದು. ಸರ್ವಾಧಿಕಾರಿ ಥರದವನು ಎದುರಿಗಿದ್ದಾಗ ಕೆಲಸ ಜೋರು, ಆಚೆ ಹೋದ ಅಂದ್ರೆ ನಿಂತೇ ಹೋಗೋದು, ಎಲ್ಲರನ್ನೂ ಕೇಳಿ ಮಾಡ್ತಿದ್ದ ಗುಂಪಲ್ಲಿ ಅವನಿಲ್ದೇ ಇದ್ರೂ ನಡೀತಿತ್ತು. ಇದನ್ನ ಹೇಳಿದ ದಿನ ನಾನು ಫೋನ್ ಬಂತು ಅಂತ ಹತ್ತು ನಿಮಿಷ ಆಚೆ ಹೋಗಿದ್ದೆ, ವಾಪಸ್ ಬಂದಾಗ ಕ್ಲಾಸು ಸಂತೆ. ಒಬ್ಬ ಹುಡುಗ ಎದ್ದು "ಸಾರ್ ಹಾಗಾದ್ರೆ ನೀವು ಯಾವ ಥರದ ಲೀಡರ್ರು" ಅಂದ. ನಂಗೆ ಉತ್ತರ ಹೊಳೀಲಿಲ್ಲ.

ಇನ್ನೊಂದು. ನಮ್ಮ ರಾಜ್ಯದಲ್ಲಿ ಕಾಲೇಜ್ ಎಲೆಕ್ಷನ್ 1989-90ರ ಸುಮಾರಿಗೇ ನಿಂತೋಯ್ತು. 2006ರಲ್ಲಿ, ಸುಪ್ರೀಂ ಕೋರ್ಟ್ ಹೇಳಿ ಮಾಡಿಸಿದ ಲಿಂಗ್ಡೋ ಕಮಿಟಿ, ಕಾಲೇಜುಗಳಲ್ಲಿ ಎಲೆಕ್ಷನ್ ನಡೆಸ್ಬೇಕು, ಒಬ್ಬ ಕ್ಯಾಂಡಿಡೇಟ್ 5000 ರೂಪಾಯಿ ಮೇಲೆ ಖರ್ಚು ಮಾಡಬಾರದು ಅಂತೆಲ್ಲ ನಿಯಮ ಹಾಕಿಕೊಟ್ರೂ ಇಲ್ಲಿ ಶುರುವಾಗ್ಲಿಲ್ಲ. ಹೊಡೆದಾಟ ಆಗ್ತಿತ್ತು ನಿಜ, ಆದ್ರೆ ಸಿಆರ್‌ನೂ, ಅಂದ್ರೆ ಕ್ಲಾಸ್ ಪ್ರತಿನಿಧಿನೂ, ಮೇಷ್ಟ್ರೇ ಆರಿಸೋ ಕ್ಲಾಸಲ್ಲಿ ನಾಯಕತ್ವದ ಐದು ಲಕ್ಷಣ ಬರೀರಿ ಅಂತ ಕೇಳೋಕೆ ನಂಗೇ ಮುಜುಗರ.

ಕಾಫಿ_ಬೈಟು:
ಸಾರ್ ನೀವು ನಮ್ ಕಾಲೇಜಲ್ಲಿ ಇರ್ಬೇಕಿತ್ತು. ಆದ್ರೂ ಎಕ್ಸೆಲ್ಲೇ.

ಧಾರವಾಡ_ಫೇಡಾ:
ಮೇಷ್ಟ್ರ, ಪ್ರಶ್ನೆ ಕೇಳಿದ ಆ ಹುಡುಗಗ ಇಂಟರ್ನಲ್ಸ್ ಮಾರ್ಕ್ಸ್ ಎಷ್ಟ್ ಕೊಟ್ರಿ?

ಅತಿಥಿ_ಮೇಷ್ಟ್ರು:
ಫುಲ್ ಕೊಟ್ಟೆ ಕಣ್ರೀ.

ಹಿಂದಿನ_ಬೆಂಚು:
ಥ್ಯಾಂಕ್ಸ್ ಎಲ್ರಿಗೂ. ಎಕ್ಸೆಲ್‌ಗೆ ಟಿಕ್ ಹಾಕ್ದೆ, ಎನ್ಎಸ್ಎಸ್ ಫಾರ್ಮೂ ಇಸ್ಕೊಂಡೆ. ಅಣ್ಣ, ಕ್ಯಾಂಪಲ್ಲಿ ರೊಟ್ಟಿ ಬಡಿಯೋಕೆ ಹುಡುಗ್ರಿಗೂ ಹೇಳ್ತಾರಾ? ಅಮ್ಮಂಗೆ ಹೇಳಿದ್ರೆ ಈಗಿಂದಾನೇ ಕಲಿ ಅಂತಿದಾರೆ.