ಉಬ್ಬು ಹಳ್ಳವಾಗಿ ಕಾಣುವುದಕ್ಕೆ ಕನ್ನಡದಲ್ಲಿ ಏನೆನ್ನೋಣ?

ಬಲ್ಲವರಲ್ಲಿ ಒಂದು ಪದ ಕೇಳಬೇಕಿದೆ.

ಮಂಡ್ಯದ ಪ್ರೌಢಶಾಲೆಯೊಂದರ ಮಕ್ಕಳು, ಬಾಹ್ಯಾಕಾಶದಿಂದ ತೆಗೆದ ಫೋಟೋಗಳಲ್ಲಿ ಬೆಟ್ಟಗಳ ಗುರುತು ಹಿಡಿಯುವುದು ಹೇಗೆ ಅಂತ ಒಂದು ಪ್ರದರ್ಶನ ಮಾಡುತ್ತಿದ್ದಾರೆ. ಚಿತ್ರಗಳ ಕೆಳಗಿನ ಬರಹ ತಿದ್ದಿಕೊಡಿ ಎಂದು ನನಗೆ ಕೊಟ್ಟಿದ್ದಾರೆ. ಅದರಲ್ಲಿ ‘ಪರಿಹಾರ ವಿಲೋಮ ಪರಿಣಾಮ’ ಎಂಬ ಮಾತು ನಾಲ್ಕು ಕಡೆ ಬಂದಿದೆ. ಇಂಗ್ಲಿಷಿನ ‘ರಿಲೀಫ್’ಗೆ ನೆಲದ ಏರುತಗ್ಗು ಎಂಬ ಅರ್ಥವೂ ಇದೆ. ಅನುವಾದದಲ್ಲಿ ಅದು ಬೆಳೆ ಪರಿಹಾರದ ರಿಲೀಫ್ ಆಗಿಬಿಟ್ಟಿದೆ. ನಮ್ಮ ಕಡೆಯ ಮಗು ‘ಪರಿಹಾರ’ ಅಂತ ಓದಿದರೆ ಅದಕ್ಕೆ ನೆನಪಾಗುವುದು ಬರ, ನೆರೆ, ತಾಲ್ಲೂಕು ಕಚೇರಿ. ಬೆಟ್ಟ ಖಂಡಿತ ನೆನಪಾಗುವುದಿಲ್ಲ.

ಆ ಮಾತು ಹೇಳಹೊರಟಿರುವ ಸಂಗತಿ ಇದು. ಬೆಳಕು ಮೇಲಿನಿಂದ ಬೀಳುತ್ತದೆ ಎಂದೇ ನಮ್ಮ ಕಣ್ಣು ಎಣಿಸಿಕೊಂಡಿರುತ್ತದೆ. ಉಪಗ್ರಹದ ಚಿತ್ರಗಳನ್ನು ಉತ್ತರ ಮೇಲೆ ಬರುವಂತೆ ಇಡುವುದು ರೂಢಿ. ಲ್ಯಾಂಡ್‌ಸ್ಯಾಟ್‌ನಂಥ ಉಪಗ್ರಹಗಳು ಒಂದು ಊರಿನ ಮೇಲೆ ಹಾಯುವುದು ಬೆಳಗ್ಗೆ 10ರ ಸುಮಾರಿಗೆ. ನಮ್ಮ ದೇಶದ ಬಹುಪಾಲು ಕಡೆ ಆ ಹೊತ್ತಿನ ಸೂರ್ಯ ವರ್ಷದ ಹೆಚ್ಚು ದಿನ ಆಗ್ನೇಯದಲ್ಲಿರುತ್ತಾನೆ. ಹಾಗಾಗಿ ಚಿತ್ರದಲ್ಲಿ ಬೆಳಕು ಕೆಳಗಿನ ಬಲಮೂಲೆಯಿಂದ ಬಂದಂತಾಗಿ, ಕಣ್ಣು ಮೋಸಹೋಗಿ, ಬೆಟ್ಟವನ್ನು ಹೊಂಡ ಅಂತಲೂ ಕಣಿವೆಯನ್ನು ದಿಬ್ಬ ಅಂತಲೂ ಓದಿಕೊಳ್ಳುತ್ತದೆ. ಚಿತ್ರವನ್ನು ತಲೆಕೆಳಗು ಮಾಡಿದರೆ ಎಲ್ಲವೂ ತಟ್ಟನೆ ಸರಿಯಾಗುತ್ತದೆ.

ಚಾಮುಂಡಿ ಬೆಟ್ಟದ ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ, ಒಂದು ಜನವರಿಯದು, ಇನ್ನೊಂದು ಮೇ ತಿಂಗಳದು. ಜನವರಿಯದರಲ್ಲಿ ವಾಯವ್ಯದ ಮಗ್ಗುಲು ಮಬ್ಬಾಗಿ, ಇಡೀ ಬೆಟ್ಟ ನೀರು ಬತ್ತಿದ ಕೆರೆಯಂಗಳದ ಹಾಗೆ ಗುಳಿಬಿದ್ದು ಕಂಡಿತು. ಮೇಲೇರುವ ರಸ್ತೆ ಗುಂಡಿಯ ತಳಕ್ಕೆ ಇಳಿದಂತಿತ್ತು. ಮೇ ತಿಂಗಳ ಚಿತ್ರದಲ್ಲಿ ಬೆಟ್ಟ ಬೆಟ್ಟವಾಗಿಯೇ ಇತ್ತು. ಮೈಸೂರು ಇರುವುದು 12 ಡಿಗ್ರಿ ಚಿಲ್ಲರೆ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ಸೂರ್ಯ ನಮ್ಮ ನೆತ್ತಿ ದಾಟಿ ಉತ್ತರದಲ್ಲಿರುತ್ತಾನಲ್ಲ, ಬೆಳಕು ಚಿತ್ರದ ಮೇಲ್ಗಡೆಯಿಂದಲೇ ಬರುತ್ತದೆ. ಹಿಮಾಲಯಕ್ಕೆ ಈ ಸೌಕರ್ಯವಿಲ್ಲ. ಅಲ್ಲಿ ಸೂರ್ಯ ನೆತ್ತಿಯ ಮೇಲೆ ಬರುವುದೇ ಇಲ್ಲ.

ಗಗನಯಾನಿಗಳು ಕೈಯಲ್ಲಿ ಕ್ಯಾಮೆರಾ ಹಿಡಿದು ತೆಗೆದ ಫೋಟೋಗಳ ಕಷ್ಟ ಬೇರೆ. ಅವರಿರುವ ಬಾಹ್ಯಾಕಾಶ ನಿಲ್ದಾಣ ಆ ಕ್ಷಣ ಯಾವ ಜಾಗದ ಮೇಲಿತ್ತು ಎಂಬುದು ಗೊತ್ತಿರುತ್ತದೆ, ಕ್ಯಾಮೆರಾ ಯಾವ ಕಡೆ ತಿರುಗಿತ್ತು ಎಂಬುದನ್ನು ಚಿತ್ರ ನೋಡಿಯೇ ಕಂಡುಕೊಳ್ಳಬೇಕು. 2012ರ ಕೊನೆಯಲ್ಲಿ ರಷ್ಯದ ಗಗನಯಾನಿ ಯೂರಿ ಮಲೆಂಚೆಂಕೊ ತೆಗೆದ ಒಂದು ಫೋಟೋವನ್ನು ನಾಸಾ ಎವರೆಸ್ಟ್ ಎಂದು ಪ್ರಕಟಿಸಿತ್ತು. ಅದು ಎವರೆಸ್ಟ್ ಅಲ್ಲವೆಂದು ನೇಪಾಳದಿಂದ ಮಾತು ಬಂತು. ಆಮೇಲೆ ತಿಳಿದದ್ದು, ಅದು ಸಾವಿರ ಕಿಲೋಮೀಟರಿಗೂ ದೂರದ, ನಮ್ಮ ಕಾರಕೋರಂನ ಸಾಸೆರ್ ಮುಜ್ತಾಘ್ ಎಂಬ ಬೆಟ್ಟಸಾಲು. ಅಷ್ಟು ಬಲ್ಲವರೇ ಎಡವುತ್ತಾರೆಂದರೆ ಕೆಲಸ ಎಷ್ಟು ಸೂಕ್ಷ್ಮ ನೋಡಿ. ನಿಲ್ದಾಣ ಹಾರುವುದು ಸುಮಾರು 400 ಕಿಲೋಮೀಟರ್ ಮೇಲೆ, ಅಂದರೆ ಎವರೆಸ್ಟ್‌ನ ಎತ್ತರದ 45ರಷ್ಟು. ಅಲ್ಲಿಂದ ನೇರ ಕೆಳಗೆ ನೋಡಿದರೆ 8,848 ಮೀಟರೂ ಚಪ್ಪಟೆ. ಕಾಣುವುದು ಬೆಟ್ಟದ ಬೆನ್ನುಗಳು ಮತ್ತು ನೆರಳು ಮಾತ್ರ. ಮೂರು ಬೆನ್ನು ಬಂದು ಕೂಡುವ ಜಾಗ, ಅದರ ಉತ್ತರಕ್ಕೆ ರೊಂಗ್‌ಬುಕ್ ಹಿಮನದಿ, ನೈಋತ್ಯಕ್ಕೆ ಖುಂಬು ಹಿಮನದಿ, ಹೀಗೆ ಕೂಡಿಸಿಕೊಂಡು ಹೋಗಿ ಎವರೆಸ್ಟ್ ಗುರುತು ಹಿಡಿಯಬೇಕು. (‘ಶಿಖರ’ ಎಂಬುದೇ ಕೆಳಗೆ ನಿಂತು ಕತ್ತೆತ್ತಿ ನೋಡುವವರ ಮಾತು ಅಂತ ಈ ಬರಹ ತಿದ್ದುವಾಗ ಹೊಳೆಯಿತು. ಮಕ್ಕಳ ಬರಹದಲ್ಲಿ ‘ನೆತ್ತಿ’ ಅಂತ ಮಾಡಿದ್ದೇನೆ.) ಇಂಥ ಕಡೆ ಬೆನ್ನು ಕಣಿವೆಯಾಗಿ ಕಂಡರೆ ಗುರುತೆಲ್ಲ ಕೆಟ್ಟಿತು. ಅದಕ್ಕೇ ಈ ಪದ ಸರಿಯಾಗಿರಬೇಕು ಅನ್ನುತ್ತಿದ್ದೇನೆ.

ಮೊದಲು ‘ವಿಪರ್ಯಾಸ’ ಅಂದುಕೊಂಡೆ. ಅದರ ಮೂಲ ಅರ್ಥ ಇದಕ್ಕೆ ಚೆನ್ನಾಗಿ ಕೂರುತ್ತದೆ, ಅದಲುಬದಲಾಗುವುದು. ಆದರೆ ಪತ್ರಿಕೆಗಳಲ್ಲಿ ದಿನಾ ‘ವಿಪರ್ಯಾಸವೆಂದರೆ’ ಓದಿ ಓದಿ ಆ ಪದಕ್ಕೆ ದುರ್ದೈವದ ವಾಸನೆ ಹತ್ತಿದೆ. ‘ಉಬ್ಬುತಗ್ಗು ಭ್ರಮೆ’ ಅರ್ಥವಾಗುತ್ತದೆ, ಆದರೆ ಉಬ್ಬೂ ತಗ್ಗೂ ನಿಜವಾಗಿ ಅಲ್ಲಿ ಇಲ್ಲವೇ ಇಲ್ಲ ಅನ್ನಿಸುತ್ತದೆ.

ಪಾಂಡವಪುರದ ಹತ್ತಿರ ಕಬ್ಬು ಬೆಳೆಯುವ ನನ್ನ ಸೋದರಮಾವನಿಗೆ ಜನವರಿಯ ಚಿತ್ರ ತೋರಿಸಿದೆ. ಕನ್ನಡಕ ಮೇಲೆ ಕೆಳಗೆ ಸರಿಸಿ ನೋಡಿ, “ಏನ್ಲಾ ಇದು, ಸಾಲೆಲ್ಲ ಬೋದಾದಂಗೆ ಕಾಣ್ತದೆ!” ಅಂದರು. ಕಬ್ಬಿನ ಗದ್ದೆಯಲ್ಲಿ ನೀರು ಹರಿಯುವ ತಗ್ಗು ಸಾಲು, ಎತ್ತರಿಸಿದ ಮಣ್ಣು ಬೋದು. ವಿವರಣೆಗೆ ಇದಕ್ಕಿಂತ ಒಳ್ಳೆಯ ಮಾತು ನನಗೆ ಸಿಗಲಾರದು, ಹಾಗೇ ಬರೆದುಕೊಂಡೆ. ಹೆಸರಾಗಿ ಮಾತ್ರ ಒಗ್ಗುವುದಿಲ್ಲ, ಯಾಕೆಂದರೆ ‘ಬೋದು ಸಾಲು’ ಅಂದರೆ ರೈತರಿಗೆ ನಾಟಿಯ ಕ್ರಮ.

ಸದ್ಯಕ್ಕೆ ‘ಮಗುಚುನೋಟ’ ಅಂತ ಇಟ್ಟಿದ್ದೇನೆ. ದೋಸೆ ಮಗುಚುವುದು ಮಕ್ಕಳಿಗೆ ಗೊತ್ತು. ಚಿತ್ರವನ್ನು ತಿರುವಿ ಹಿಡಿದರೆ ಸರಿಹೋಗುತ್ತದೆ ಎಂಬ ಸೂಚನೆಯೂ ಅದರೊಳಗೇ ಇದೆ. ನನ್ನ ಅನುಮಾನ ಒಂದೇ. ದೋಣಿ ಮಗುಚಿತು ಅನ್ನುತ್ತೇವಲ್ಲ, ಹಾಗೆ ಓದಿ ಚಿತ್ರವೇ ತಲೆಕೆಳಗಾಗಿದೆ ಅಂದುಕೊಂಡಾರೆ? ಇಲ್ಲಿ ಮೇಲು ಕೆಳಗಾಗಿಲ್ಲ, ಉಬ್ಬು ತಗ್ಗಾಗಿದೆ.

ಇನ್ನೊಂದು ವಿಷಯ. ಸಂಕ್ರಾಂತಿಗೆ ಸಕ್ಕರೆ ಅಚ್ಚು ಹುಯ್ಯುವ ನಮ್ಮಮ್ಮನ ಮರದ ಅಚ್ಚನ್ನು ಮೊನ್ನೆ ಕಿಟಕಿಯ ಬಳಿ ಹಿಡಿದು ತಿರುಗಿಸಿದೆ. ಒಳಕ್ಕೆ ಕೊರೆದ ಗಿಣಿ, ಬೆಳಕು ಕೆಳಗಿನಿಂದ ಬಿದ್ದಾಗ, ಮೇಲಕ್ಕೆ ಉಬ್ಬಿ ಕಂಡಿತು. ಅಚ್ಚು ಕೊರೆಯುವವರಿಗೆ, ಅಕ್ಕಸಾಲಿಗರಿಗೆ ಇದು ದಿನನಿತ್ಯ ಕಾಣುವಂಥದ್ದು. ಅವರ ಬಾಯಲ್ಲಿ ಇದಕ್ಕೊಂದು ಮಾತು ಇದ್ದರೆ, ನಿಮ್ಮಲ್ಲಿ ಯಾರಾದರೂ ಕೇಳಿದ್ದರೆ, ದಯವಿಟ್ಟು ತಿಳಿಸಿ. ನಾನು ಕಟ್ಟಿದ್ದನ್ನು ಬಿಟ್ಟು ಅದನ್ನೇ ಹಾಕುತ್ತೇನೆ.