ಸಾಕಿದ ಹಲ್ಲಿಗಳಿಗೆ ಹುಳ ಬೇಕು, ಕಲಬುರಗಿ ಬಿಸಿಲಲ್ಲಿ ಹೇಗೆ ಸಾಕಲಿ?

ಕೇಳಿದವರು, ಕಲಬುರಗಿ

ನನ್ನ ಹತ್ತಿರ ಎರಡು ಲೆಪರ್ಡ್ ಗೆಕ್ಕೊ ಇವೆ, ಹುಳ ತಿನ್ನುವ ಸಾಕು ಹಲ್ಲಿಗಳು. ಹುಳಗಳನ್ನು ಕೊರಿಯರ್‌ನಲ್ಲಿ ತರಿಸುತ್ತಿದ್ದೆ. ಏಪ್ರಿಲ್‌ನಲ್ಲಿ ಬಂದ ಡಬ್ಬಿ ತೆಗೆದರೆ ಅರ್ಧಕ್ಕರ್ಧ ಸತ್ತಿದ್ದವು. ಇನ್ನು ಮನೆಯಲ್ಲೇ ಮರಿಹುಳ ಬೆಳೆಸೋಣ ಅಂತ. ಯಾವುದರಿಂದ ಶುರು ಮಾಡಲಿ? ಊರಲ್ಲಿ ನಮ್ಮ ತೊಗರಿ ಹೊಲ ಇದೆ. ಅಲ್ಲಿಯ ಕೀಡಿ ಹಾಕಿದರೆ ನಡೆಯುತ್ತಾ?

ಉತ್ತರ, ಕಲಬುರಗಿ

ತೊಗರಿ ಕೀಡಿಯ ಆಸೆ ನನಗೂ ಬಂದಿತ್ತು. ಗಿಡ ಅಲ್ಲಾಡಿಸಿದರೆ ತಾಡಪತ್ರಿ ಮೇಲೆ ಬೊಗಸೆಗಟ್ಟಲೆ ಉದುರುತ್ತವೆ, ಪುಕ್ಕಟೆ ಊಟ! ಆದರೆ ಕೀಟನಾಶಕದ ಎಣ್ಣೆ ಹೊಡೆಯದ ತೊಗರಿ ಹೊಲ ಈಗ ಎಲ್ಲಿದೆ ಹೇಳಿ? ನಿಮ್ಮ ಹೊಲಕ್ಕೆ ಹೊಡೆಯದಿದ್ದರೂ ಪಕ್ಕದವರು ಹೊಡೆದಿರುತ್ತಾರೆ. ಸಾಕುವುದೂ ಕಷ್ಟ. ಕಾಯಿಕೊರಕ ಹುಳಗಳನ್ನು ಒಂದೇ ಡಬ್ಬಿಯಲ್ಲಿ ಬಿಟ್ಟರೆ ಒಂದನ್ನೊಂದು ತಿನ್ನುತ್ತವೆ. ಹನ್ನೆರಡು ಹಾಕಿ ಮಲಗಿದೆ, ಬೆಳಿಗ್ಗೆ ಐದು ಉಳಿದಿದ್ದವು.

ಎಕ್ಕೆ ಗಿಡದ ಮೇಲಿನ ಪಟ್ಟೆಪಟ್ಟೆ ಹುಳವನ್ನಂತೂ ಮುಟ್ಟಬೇಡಿ. ಎಕ್ಕೆಯ ವಿಷವನ್ನು ಅದು ಮೈಯಲ್ಲೇ ಕೂಡಿಟ್ಟುಕೊಳ್ಳುತ್ತದೆ. ಕಂಬಳಿ ಹುಳವೂ ಬೇಡ.

ರೇಷ್ಮೆ ಹುಳದಿಂದ ಶುರು ಮಾಡಿ. ಮೈ ಮೆತ್ತಗೆ, ಕಚ್ಚುವುದಿಲ್ಲ, ಓಡಿಹೋಗುವುದಿಲ್ಲ. ಹತ್ತರಲ್ಲಿ ಎಂಟು ಪಾಲು ನೀರೇ, ಕೊಬ್ಬು ತೀರಾ ಕಡಿಮೆ. ಬೇಸಿಗೆಯಲ್ಲಿ ನೀರು ಸರಿಯಾಗಿ ಕುಡಿಯದ ಹಲ್ಲಿಗೆ ಇದೇ ಒಳ್ಳೆಯದು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನೀವು ಸಾಕಬೇಕಾದ್ದು ಹುಳವನ್ನಲ್ಲ, ಹಿಪ್ಪುನೇರಳೆ ಗಿಡವನ್ನು. ಎಲೆ ಇದ್ದರೆ ಹುಳ ತಾನೇ ಬೆಳೆಯುತ್ತದೆ.

ಲೆಕ್ಕ ಹೀಗಿದೆ. ಒಂದು ಹುಳ ಗೂಡು ಕಟ್ಟುವ ತನಕ ಸುಮಾರು 20ರಿಂದ 25 ಗ್ರಾಂ ಎಲೆ ತಿನ್ನುತ್ತದೆ. ಅದರಲ್ಲಿ ನೂರಕ್ಕೆ 80 ಭಾಗಕ್ಕೂ ಜಾಸ್ತಿ ಕೊನೆಯ ವಾರದಲ್ಲೇ. ನಿಮ್ಮ ಹಲ್ಲಿಗೆ ಅಷ್ಟು ದೊಡ್ಡ ಹುಳ ಬೇಕಾಗಿಲ್ಲ, ಹಲ್ಲಿಯ ಎರಡು ಕಣ್ಣಿನ ನಡುವಿನ ಅಂತರಕ್ಕಿಂತ ಹುಳ ದಪ್ಪ ಇರಬಾರದು. ಹುಳ ಪೊರೆ ಬಿಡುವ ನಿದ್ದೆಗೆ ರೈತರು ಜ್ವರ ಅನ್ನುತ್ತಾರೆ. ಒಟ್ಟು ನಾಲ್ಕು ಜ್ವರ. ಮೂರನೇ ಜ್ವರ ಕಳೆದ ಹುಳಗಳನ್ನೇ ತಿನ್ನಿಸಲು ಶುರು ಮಾಡಿದರೆ ಎಲೆಯ ಖರ್ಚು ಎಷ್ಟೋ ಉಳಿಯುತ್ತದೆ. ಬೀಜಕ್ಕೆ, ಅಂದರೆ ಮುಂದಿನ ಮರಿಗೆ, ಹದಿನೈದು ಇಪ್ಪತ್ತನ್ನು ಮಾತ್ರ ದೊಡ್ಡದಾಗಲು ಬಿಡಿ. ನಾನು ಮೊದಲ ಸಲ ಮುನ್ನೂರನ್ನೂ ಕೊನೆಯ ತನಕ ಬೆಳೆಸಲು ಹೋಗಿ, ಸ್ಕೂಟರ್ ತಗೊಂಡು ಎಲೆಗಾಗಿ ಊರೂರು ಅಲೆದೆ.

ಜ್ವರಕ್ಕೆ ಕೂತ ಹುಳ ತಲೆ ಎತ್ತಿಕೊಂಡು ಒಂದು ದಿನದಷ್ಟು ಸುಮ್ನೆ ಇರುತ್ತದೆ. ಸತ್ತಿದೆ ಅಂತ ಎಸೆಯಬೇಡಿ. ಆಗ ಎಲೆಯೂ ಬೇಡ.

ಈಗ ಬಿಸಿಲಿನ ಮಾತು. ಚಿಕ್ಕ ಹುಳಕ್ಕೆ 26ರಿಂದ 28 ಡಿಗ್ರಿ, ದೊಡ್ಡದಕ್ಕೆ 24-25 ಡಿಗ್ರಿ ಬೇಕು. ನಮ್ಮಲ್ಲಿ ಮೇ ತಿಂಗಳಲ್ಲಿ 42, 43! ನಾನು ತಟ್ಟೆಗಳನ್ನು ನೆಲಮನೆಯ ಶಹಾಬಾದ್ ಫರಸಿ ಮೇಲೆ ಇಡುತ್ತೇನೆ, ಸುತ್ತ ಒದ್ದೆ ಗೋಣಿ, ದೂರದಲ್ಲಿ ಕೂಲರ್. ಕೂಲರ್ ಗಾಳಿ ನೇರ ತಟ್ಟೆಗೆ ಹೊಡೆದರೆ ಎಲೆ ಬಾಡುತ್ತದೆ. "ಹುಳಕ್ಕೆ ಕೂಲರ್ ಹಚ್ಚಿದ್ದಿ, ನನಗ ಬೀಸಣಿಕಿ ಕೊಟ್ಟಿದ್ದಿ" ಅಂತ ಅಜ್ಜಿಯ ಬೈಗುಳ ಇನ್ನೂ ನಿಂತಿಲ್ಲ. ನಿಜ ಹೇಳಬೇಕೆಂದರೆ ಏಪ್ರಿಲ್, ಮೇ ಎರಡು ತಿಂಗಳು ನಾನು ಈಗ ಸಾಕುವುದನ್ನೇ ಬಿಟ್ಟಿದ್ದೇನೆ.

ಎಲೆಯನ್ನು ಬೆಳಿಗ್ಗೆ ಬೇಗ ಕೊಯ್ದು ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಹುಳಕ್ಕೆ ಹಾಕುವಾಗ ಮಾತ್ರ ಎಲೆಯ ಮೇಲೆ ನೀರು ನಿಂತಿರಬಾರದು. ಮರಿಗಳಿಗೆ ತುದಿಯ ಎಳೆ ಎಲೆ ಹೆಚ್ಚಿ ಹಾಕಿ. ಇರುವೆ ಹತ್ತದಂತೆ ಸ್ಟ್ಯಾಂಡಿನ ಕಾಲುಗಳ ಕೆಳಗೆ ನೀರಿನ ಬಟ್ಟಲು ಇಡಿ.

ಆ ಕೋಣೆಯಲ್ಲಿ ಸೊಳ್ಳೆ ಬತ್ತಿ, ಲಿಕ್ವಿಡ್ ಯಾವುದೂ ಬೇಡ. ಒಂದು ರಾತ್ರಿ ಮರೆತು ಮಷಿನ್ ಹಚ್ಚಿದ್ದೆ. ಬೆಳಿಗ್ಗೆ ನೋಡಿದರೆ ಎಲ್ಲಾ ಹುಳ ಹಸಿರು ರಸ ಕಾರಿಕೊಂಡು ಹೊರಳಾಡುತ್ತಿದ್ದವು. ಅಂಥವನ್ನು ಹಲ್ಲಿಗೂ ಹಾಕುವಂತಿಲ್ಲ. ಇನ್ನೂರು ಹುಳ ಗುಂಡಿಗೆ ಹೋದವು.

ಉತ್ತರ, ಯಾದಗಿರಿ

ನಾನು ಮೇಣದ ಹುಳ, ಅಂದರೆ ಜೇನುಗೂಡಿನ ಮೇಣ ತಿನ್ನುವ ಪತಂಗದ ಮರಿಹುಳ ಸಾಕಿದವನು. ಜೇನು ಸಾಕುವ ಪರಿಚಯದವರ ಹಾಳಾದ ಎರಿಯಿಂದ ತಂದೆ. ಗೋಧಿ ಹೊಟ್ಟು, ಓಟ್ಸ್, ಜೇನುತುಪ್ಪ, ಸ್ವಲ್ಪ ಗ್ಲಿಸರಿನ್ ಕಲಸಿ ಉದುರುದುರಾಗಿ ಮಾಡಿದರೆ ಆಯಿತು, ಅದೇ ಊಟ, ಅದೇ ಹಾಸಿಗೆ. ಎಲೆ ಬೇಡ. ಇವಕ್ಕೆ 30 ಡಿಗ್ರಿ ಹಿತ, ಹಾಗಾಗಿ ನಮ್ಮ ಊರಿಗೆ ಸುಲಭ.

ಆದರೆ ಡಬ್ಬಿ ಗಾಜಿನದಿರಲಿ, ಮುಚ್ಚಳಕ್ಕೆ ಸ್ಟೀಲ್ ಜಾಳಿಗೆ. ನನ್ನ ಪ್ಲಾಸ್ಟಿಕ್ ಡಬ್ಬಿಯನ್ನು ಕೊರೆದು ಪುಸ್ತಕದ ಕಪಾಟಿನಲ್ಲಿ ಗೂಡು ಕಟ್ಟಿದವು. ಸ್ಪೇನ್‌ನಲ್ಲಿದ್ದ ಫೆಡೆರಿಕಾ ಬೆರ್ಟೊಕಿನಿ ಎಂಬ ವಿಜ್ಞಾನಿ ತಮ್ಮ ಜೇನುಪೆಟ್ಟಿಗೆಯ ಇದೇ ಹುಳಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿದ್ದರಂತೆ. ಚೀಲವೇ ತೂತಾಯಿತು. ಅದರಿಂದಲೇ 2017ರಲ್ಲಿ ಅವರ ಸಂಶೋಧನೆ ಹೊರಬಂತು. ನನ್ನ ಡಬ್ಬಿಯಿಂದ ಬರೀ ಬೈಗುಳ ಬಂತು. ಪತಂಗ ಹೊರಗೆ ಬಿಡಬೇಡಿ, ಜೇನು ಸಾಕುವವರಿಗೆ ಇದು ಶತ್ರು.

ಇದರಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಕೊಬ್ಬು. ವಾರಕ್ಕೆ ಒಂದೆರಡು ಸಾಕು, ಮಿಠಾಯಿ ಕೊಟ್ಟ ಹಾಗೆ. ನಾನು ದಿನಾ ಕೊಟ್ಟೆ. ನನ್ನ ಹಲ್ಲಿ ಆಮೇಲೆ ಬೇರೆ ಏನನ್ನೂ ಮೂಸಿಯೂ ನೋಡಲಿಲ್ಲ. ಮೂರು ವಾರ ಹಠ. ಕ್ಯಾಲ್ಸಿಯಂ ಪುಡಿ ಯಾವ ಹುಳಕ್ಕಾದರೂ ಹಚ್ಚಲೇಬೇಕು.

ಉತ್ತರ, ಬೀದರ್

ನಮ್ಮ ಊರು ಎತ್ತರದಲ್ಲಿದೆ, ನಮಗೆ ಕಷ್ಟ ಡಿಸೆಂಬರ್‌ನಲ್ಲಿ. ಚಳಿಗೆ ರೇಷ್ಮೆ ಹುಳ ತಿನ್ನುವುದನ್ನೇ ನಿಧಾನ ಮಾಡುತ್ತವೆ. ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಚಿಕ್ಕ ಬಲ್ಬ್ ಹಾಕಿ ಸುಧಾರಿಸಿದೆ.

ಮರಿ ಮಾಡಿಸುವುದರಲ್ಲಿ ನಾನು ಎಡವಿದ್ದು ಇಲ್ಲಿ. ಗೂಡು ಕಟ್ಟಿ ಹತ್ತು ಹನ್ನೆರಡು ದಿನಕ್ಕೆ ಪತಂಗ ಬಂತು. ಪತಂಗ ಹಾರುವುದಿಲ್ಲ, ತಿನ್ನುವುದಿಲ್ಲ. ಜೋಡಿಯಾಗಿ, ಕಾಗದದ ಮೇಲೆ ಒಂದೊಂದು ಹೆಣ್ಣು ನಾನೂರು ಐನೂರು ಮೊಟ್ಟೆ ಇಟ್ಟಿತು. ಹತ್ತು ದಿನ ಕಾದೆ, ಇಪ್ಪತ್ತು ದಿನ ಕಾದೆ, ಒಂದೂ ಒಡೆಯಲಿಲ್ಲ. ಹಾಳಾಗಿದೆ ಅಂತ ಎಸೆದೆ. ಆಮೇಲೆ ರೇಷ್ಮೆ ಬೆಳೆಯುವ ರೈತರೊಬ್ಬರು ನಕ್ಕರು. ಅದು ದ್ವಿತಳಿ ಮೊಟ್ಟೆ, ಅಂದರೆ ವರ್ಷಕ್ಕೆ ಎರಡೇ ತಲೆಮಾರಿನ ತಳಿ. ಹಳದಿ ಬಣ್ಣ ಎರಡು ಮೂರು ದಿನದಲ್ಲಿ ಕಂದಾದರೆ ಅದು ನಿದ್ದೆಗೆ ಹೋಗಿದೆ ಅಂತ ಅರ್ಥ, ಕೆಲವು ತಿಂಗಳು ಫ್ರಿಜ್ಜಿನ ತಂಪು ಕಾಣದೆ ಏಳುವುದಿಲ್ಲ. ಹಳದಿಯಾಗೇ ಉಳಿದು ಚಪ್ಪಟೆಯಾದರೆ ಅದು ಫಲ ಕಟ್ಟಿಲ್ಲ. ಸುಮ್ನೆ ಕಾಯುವ ಬದಲು ವರ್ಷಕ್ಕೆ ಹಲವು ತಲೆಮಾರು ಆಗುವ ಬಹುತಳಿ ಕೇಳಿ ತನ್ನಿ, ಅದು ನಿದ್ದೆ ಇಲ್ಲದೆ ಒಡೆಯುತ್ತದೆ.

ಮೈ ಊದಿ, ಚರ್ಮ ಒಡೆದು ಹಾಲಿನಂಥ ರಸ ಸುರಿಸುವ ಹುಳ ಕಂಡರೆ ಅದು ಹಾಲುತೊಂಡೆ ರೋಗ. ಅದನ್ನು ತಕ್ಷಣ ತೆಗೆಯಿರಿ, ತಟ್ಟೆಯನ್ನು ಬ್ಲೀಚಿಂಗ್ ನೀರಲ್ಲಿ ತೊಳೆಯಿರಿ.

ಇನ್ನೊಂದು, ಯಾರಾದರೂ ನಕ್ಷತ್ರ ಆಮೆಯನ್ನೋ ಉಡವನ್ನೋ ಸಾಕಲು ಕೊಡುತ್ತೇನೆ ಅಂದರೆ ಬೇಡ ಅನ್ನಿ. 1972ರ ವನ್ಯಜೀವಿ ಕಾಯ್ದೆ ಇದೆ, ಜೈಲಾಗುತ್ತದೆ.

ಕೇಳಿದವರು

ಸರಿ, ತೊಗರಿ ಕೀಡಿ ಬಿಟ್ಟೆ. ಹಿಪ್ಪುನೇರಳೆ ಗಿಡ ಎಲ್ಲಿಂದ ತರಲಿ? ಕುಂಡದಲ್ಲಿ ಬರುತ್ತಾ?

ಉತ್ತರ, ಕಲಬುರಗಿ

ಕುಂಡದ ಒಂದು ಗಿಡ ಸಾಲುವುದಿಲ್ಲ. ನೆಲದಲ್ಲಿ ನಾಲ್ಕೈದಾದರೂ ಇರಲಿ. ಮಳೆ ಶುರುವಾಗಲಿ, ನನ್ನ ಗಿಡ ಕತ್ತರಿಸುವಾಗ ಪೆನ್ಸಿಲ್ ದಪ್ಪದ ಕಡ್ಡಿ ಕೊಡುತ್ತೇನೆ. ಒಂದೊಂದರಲ್ಲಿ ಮೂರು ನಾಲ್ಕು ಕಣ್ಣು ಇರಬೇಕು, ಮೇಲಿನ ಒಂದು ಕಣ್ಣು ಬಿಟ್ಟು ಉಳಿದದ್ದು ಮಣ್ಣೊಳಗೆ. ಗಿಡ ತುಂಬಿ ಬರುವ ತನಕ ಹುಳ ತರಬೇಡಿ. ಅಲ್ಲಿಯ ತನಕ ನಿಮ್ಮ ಗೆಕ್ಕೊಗಳಿಗೆ ಮಿಡತೆಮರಿ, ಜಿರಲೆ ಹುಡುಕಿಕೊಂಡು ಹೊರಗೆ ಹೋಗಬೇಡಿ, ದಿನದ ಊಟಕ್ಕೆ ಕೊರಿಯರ್ ಹುಳವೇ ಇರಲಿ, ನಡುನಡುವೆ ಮಿಠಾಯಿಗೆ ಯಾದಗಿರಿಯವರ ಡಬ್ಬಿಯಿಂದ ನಾಲ್ಕು ಮೇಣದ ಹುಳ ಕೇಳಿ. ಗಾಜಿನ ಡಬ್ಬಿ ತಗೊಂಡು ಹೋಗಿ.